ದಿಂಬಿನಿಂದ ಶುರುವಾದ ರಿಪೇರಿ: ಮಲಗುವ ಕೋಣೆಯನ್ನು ನೆಮ್ಮದಿಯ ಜಾಗ ಮಾಡಿದ ಕೆಲಸದ ದಾಖಲೆ

ಮಲಗುವ ಕೋಣೆ ಒಪ್ಪವಾಗಿದೆಯೋ ಇಲ್ಲವೋ ಎಂದು ನಾವು ನೋಡುವುದು ಬಾಗಿಲಲ್ಲಿ ನಿಂತು. ಆದರೆ ಆ ಕೋಣೆಯಲ್ಲಿ ನಿಂತಿರುವ ಹೊತ್ತು ಕಡಿಮೆ, ಮಲಗಿರುವ ಹೊತ್ತೇ ಹೆಚ್ಚು. ಬಾಗಿಲಿನಿಂದ ಗಮನಕ್ಕೇ ಬಾರದ ಎಷ್ಟೋ ಸಂಗತಿಗಳು ತಲೆ ದಿಂಬಿಗೆ ತಾಗಿದ ಕೂಡಲೇ ಕಣ್ಣಿಗೂ ಕಿವಿಗೂ ಬೀಳತೊಡಗುತ್ತವೆ. ಹಾಗಾಗಿ ಈ ಸಲ ಕೋಣೆ ಸರಿಮಾಡಲು ಹೊರಟಾಗ ಒಂದೇ ಅಳತೆಗೋಲು ಇಟ್ಟುಕೊಂಡೆ: ದಿಂಬಿಗೆ ತಲೆಯಿಟ್ಟಾಗ ಏನು ಕಾಣುತ್ತದೆ, ಏನು ಕೇಳುತ್ತದೆ, ಯಾವ ಬಾಕಿ ಕೆಲಸ ನೆನಪಾಗುತ್ತದೆ. ಅಲ್ಲಿಂದ ಕಾಡದ ವಸ್ತು ಇದ್ದಲ್ಲೇ ಇರಲಿ. ಕಾಡುವುದು ಎಷ್ಟೇ ಚಿಕ್ಕದಾದರೂ ಮೊದಲ ಸರದಿ ಅದರದು.

ಕೋಣೆ ದೊಡ್ಡದೇನಲ್ಲ, 10 ಅಡಿಗೆ 12 ಅಡಿ. ಒಂದು ಕಿಟಕಿ, ಒಂದು ಬಾಗಿಲು, ಮರದ ಡಬಲ್ ಮಂಚ, ಎತ್ತರದ ಬೀರು, ಕೆಲಸದ ಮೇಜು, ಬಟ್ಟೆ ಹೊತ್ತ ಕುರ್ಚಿ, ಸೀಲಿಂಗ್ ಫ್ಯಾನ್. ಮೇಜನ್ನು ಬೇರೆಡೆ ಹಾಕಲು ಮನೆಯಲ್ಲಿ ಜಾಗವಿಲ್ಲ. ಅದನ್ನು ಇಟ್ಟುಕೊಂಡೇ ದಾರಿ ಹುಡುಕಬೇಕಿತ್ತು.

ಮೊದಲ ಕೆಲಸ: ಮಲಗಿ ಬರೆದ ಪಟ್ಟಿ

ಹಗಲಲ್ಲೊಮ್ಮೆ, ರಾತ್ರಿ ದೀಪ ಆರಿಸಿದ ಮೇಲೊಮ್ಮೆ ನೋಟ್‌ಬುಕ್ ಹಿಡಿದು ಹಾಸಿಗೆಯಲ್ಲಿ ಅಂಗಾತ ಮಲಗಿದೆ. ಎಡಕ್ಕೆ ಹೊರಳಿ, ಬಲಕ್ಕೆ ಹೊರಳಿ, ಕಂಡದ್ದನ್ನೆಲ್ಲ ಬರೆದೆ. ಹಗಲಿನ ಪಟ್ಟಿಯಲ್ಲಿ ಬಂದದ್ದು: ಬೀರುವಿನ ನೆತ್ತಿಯ ಮೇಲೆ ಹಿಡಿ ಮುರಿದ ಸೂಟ್‌ಕೇಸು ಮತ್ತು ರಟ್ಟಿನ ಡಬ್ಬಗಳು, ಕುರ್ಚಿಯ ಬಟ್ಟೆ, ಮೇಜಿನ ಕಾಗದದ ರಾಶಿ, ಗೋಡೆಗುಂಟ ಇಳಿಬಿದ್ದ ವೈರುಗಳು. ರಾತ್ರಿಯ ಪಟ್ಟಿ ಬೇರೆಯೇ ಇತ್ತು. ಕರ್ಟನ್ನಿನ ಮೇಲ್ಗಡೆ ಸೀಲಿಂಗಿನ ಮೇಲೆ ಹರಡುವ ಬೆಳಕಿನ ಪಟ್ಟಿ, ಬಾಗಿಲ ಕೆಳಗಿನ ಗೆರೆ, ಚಾರ್ಜರ್‌ನ ನೀಲಿ ಚುಕ್ಕಿ, ಫ್ಯಾನಿನ ಟಕ್ ಟಕ್, ಹೊರಳಿದಾಗೆಲ್ಲ ಮಂಚದ ಕಿರ್ರ್.

ಹಗಲಿನ ಪಟ್ಟಿಯ ಪ್ರತಿ ವಸ್ತುವಿನ ಪಕ್ಕ ಇನ್ನೊಂದು ಮಾತು ಬರೆದೆ: ಇದು ನನ್ನನ್ನು ಏನು ಕೇಳುತ್ತಿದೆ? ಸೂಟ್‌ಕೇಸು ಕೇಳುವುದು ‘ರಿಪೇರಿಗೆ ಕೊಡುತ್ತೀಯೋ, ಎಸೆಯುತ್ತೀಯೋ?’ ಕುರ್ಚಿಯ ಬಟ್ಟೆ ಕೇಳುವುದು ‘ಒಗೆಯಲಿಕ್ಕೋ, ಇನ್ನೊಮ್ಮೆ ಉಡಲಿಕ್ಕೋ?’ ಕಾಗದದ ರಾಶಿ ಕೇಳುವುದನ್ನು ಬರೆಯಲು ಒಂದು ಪುಟ ಸಾಲದು. ಕೋಣೆಯಲ್ಲಿ ಕಸ ಹೆಚ್ಚಿರಲಿಲ್ಲ, ತೀರ್ಮಾನವಾಗದ ವಿಷಯಗಳು ಹೆಚ್ಚಿದ್ದವು. ಅವು ನಿದ್ದೆಯ ಹೊತ್ತಿಗೇ ಎದುರು ಬಂದು ನಿಲ್ಲುತ್ತಿದ್ದವು.

ಇದು ನನ್ನೊಬ್ಬರ ಅನಿಸಿಕೆಯಲ್ಲ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡಾರ್ಬಿ ಸ್ಯಾಕ್ಸ್‌ಬಿ ಮತ್ತು ರೆನಾ ರೆಪೆಟ್ಟಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಇಬ್ಬರೂ ದುಡಿಯುವ 30 ದಂಪತಿಗಳು, ಅಂದರೆ 60 ಜನ, ತಮ್ಮ ಮನೆಯನ್ನು ತೋರಿಸುತ್ತ ಆಡಿದ ಮಾತುಗಳನ್ನು ಅವರು ವಿಶ್ಲೇಷಿಸಿದರು. ಮನೆ ಅಸ್ತವ್ಯಸ್ತ, ಕೆಲಸ ಬಾಕಿ ಎಂಬರ್ಥದ ಮಾತು ಹೆಚ್ಚಾಗಿ ಬಂದ ಹೆಂಗಸರಲ್ಲಿ, ಬೆಳಗಿನಿಂದ ಸಂಜೆಗೆ ಇಳಿಯುತ್ತ ಹೋಗಬೇಕಾದ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಆ ಪ್ರಮಾಣದಲ್ಲಿ ಇಳಿಯುತ್ತಿರಲಿಲ್ಲ. ಮನೆ ಹಾಗಿದ್ದುದರಿಂದಲೇ ಹೀಗಾಯಿತು ಎಂದು ಆ ಅಧ್ಯಯನ ಸಾಧಿಸುವುದಿಲ್ಲ. ಎರಡೂ ಜೊತೆಜೊತೆಗೆ ಕಂಡವು ಎನ್ನುತ್ತದೆ, ಅಷ್ಟೇ. ಆದರೂ ‘ಕೆಲಸ ಬಾಕಿ’ ಎಂಬ ಭಾವನೆ ಮೈಗೂ ತಾಗುತ್ತದೆ ಎನ್ನುವುದನ್ನು ನಾನು ಗಂಭೀರವಾಗಿ ತೆಗೆದುಕೊಂಡೆ.

ಖಾಲಿ ಮಾಡಿದ್ದು

ಇಡೀ ಕೋಣೆಯನ್ನು ಹಾಸಿಗೆಯ ಮೇಲೆ ಸುರಿದು ವಿಂಗಡಿಸುವ ಪದ್ಧತಿ ನನಗೆ ಒಗ್ಗುವುದಿಲ್ಲ. ಸಂಜೆಯಾಗುತ್ತದೆ, ದಣಿವಾಗುತ್ತದೆ, ಮಲಗಲು ಜಾಗವಿಲ್ಲದೆ ಎಲ್ಲವೂ ಮತ್ತೆ ಬೀರುವಿನೊಳಗೆ ತುರುಕಿಸಿಕೊಳ್ಳುತ್ತದೆ. ಪಟ್ಟಿಯ ಕ್ರಮದಲ್ಲೇ ಹೋದೆ, ಒಂದು ಸಲಕ್ಕೆ ಒಂದೇ ಜಾಗ, ಅದು ಮುಗಿದ ಮೇಲೆ ಇನ್ನೊಂದು. ಬೇರೆ ಕೋಣೆಗೆ ಸೇರಿದ್ದು ಆ ಕೂಡಲೇ ಅಲ್ಲಿಗೆ ಹೋಯಿತು. ಇಲ್ಲಿಯದೇ ಆದರೂ ನೆಲೆಯಿಲ್ಲದ್ದಕ್ಕೆ ಒಂದು ನೆಲೆ ಹುಡುಕಿದೆ. ತೀರ್ಮಾನಿಸಲಾಗದ್ದೆಲ್ಲ ಒಂದೇ ಒಂದು ಡಬ್ಬಕ್ಕೆ ಹೋಯಿತು. ಡಬ್ಬದ ಮೇಲೆ ಮೂರು ತಿಂಗಳ ಆಚೆಯ ತಾರೀಕು ದೊಡ್ಡದಾಗಿ ಬರೆದು, ಅದನ್ನು ಈ ಕೋಣೆಯ ಹೊರಗೆ ಇಟ್ಟೆ. ಆ ತಾರೀಕಿನವರೆಗೆ ಬೇಕಾಗದ್ದು ಮನೆ ಬಿಡಬೇಕು.

ಹೊಸ ಡಬ್ಬ, ಬುಟ್ಟಿ, ಡಿವೈಡರ್ ಯಾವುದನ್ನೂ ಮೊದಲು ಕೊಳ್ಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಏನು ಉಳಿಯುತ್ತದೆ ಎಂದು ತಿಳಿಯುವ ಮುಂಚೆ ತಂದ ಡಬ್ಬ ತೀರ್ಮಾನವನ್ನು ಮುಚ್ಚಿಡಲು ಮುಚ್ಚಳ ಕೊಡುತ್ತದೆ, ಅಷ್ಟೇ. ಬೀರುವಿನ ನೆತ್ತಿಯನ್ನು ಪೂರ್ತಿ ಖಾಲಿ ಬಿಟ್ಟೆ. ಮಲಗಿದವರ ಕಣ್ಣಿಗೆ ಅತ್ಯಂತ ಭಾರವಾಗಿ ಕಾಣುವ ಜಾಗ ಅದು, ಕೋಣೆಯಲ್ಲಿ ದೊಡ್ಡ ವ್ಯತ್ಯಾಸ ತಂದದ್ದೂ ಅದೇ. ಮಂಚದ ಕೆಳಗೆ ಹೆಚ್ಚುವರಿ ಹೊದಿಕೆಯ ಒಂದು ಚೀಲ ಮಾತ್ರ ಉಳಿಯಿತು, ಕಸಬರಿಗೆ ಗೋಡೆಯ ತನಕ ಹೋಗುವಂತೆ.

ಕುರ್ಚಿಯ ಬಟ್ಟೆಗೆ ಬರೀ ಶಿಸ್ತಿನ ಮಾತು ಸಾಲದು. ಒಮ್ಮೆ ಉಟ್ಟ, ಆದರೆ ಕೊಳೆಯಾಗದ ಬಟ್ಟೆಗೆ ಸಾಮಾನ್ಯವಾಗಿ ಯಾವ ಮನೆಯಲ್ಲೂ ಜಾಗವೇ ಗೊತ್ತಾಗಿರುವುದಿಲ್ಲ. ಬೀರುವಿಗೆ ಇಡಲು ಮನಸ್ಸು ಬರುವುದಿಲ್ಲ, ಒಗೆಯುವ ಬುಟ್ಟಿಗೆ ಹಾಕುವಷ್ಟು ಕೊಳೆಯೂ ಆಗಿರುವುದಿಲ್ಲ, ಹೀಗಾಗಿ ಅದು ಕುರ್ಚಿಗೆ ಬರುತ್ತದೆ. ಅದಕ್ಕೊಂದು ಖಾಯಂ ವಿಳಾಸ ಕೊಡಲು ಗೋಡೆಗೆ ಕೊಕ್ಕೆಯ ಹಲಗೆ ಹಾಕುವುದೆಂದು ನಿರ್ಧರಿಸಿದೆ. ಜಾಗ ಆರಿಸಿದ್ದು ಬಾಗಿಲು ಮತ್ತು ಬೀರುವಿನ ನಡುವೆ, ಬೀರುವಿನ ಮರೆಗೆ. ದಿಂಬಿನಿಂದ ಅದು ಕಾಣುವುದೇ ಇಲ್ಲ.

60 ಸೆಂಟಿಮೀಟರ್ ಉದ್ದದ ಹಲಗೆ, ಐದು ಕೊಕ್ಕೆ. ಹಲಗೆಯನ್ನು ಮರಳು ಕಾಗದದಲ್ಲಿ ಉಜ್ಜಿ, ಗೋಡೆಯ ಬಣ್ಣವನ್ನೇ ಬಳಿದೆ. ಕೊರೆಯುವ ಮೊದಲು ನೋಡಲೇಬೇಕಾದದ್ದು ಒಳಗಿನ ವೈರಿಂಗ್. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ನೇರ ಅಡ್ಡಕ್ಕೆ ಪೈಪು ಹೋಗಿರುವ ಸಾಧ್ಯತೆ ಹೆಚ್ಚು. ಆ ಗೆರೆಗಳಲ್ಲಿ ಡ್ರಿಲ್ ಇಡಬಾರದು. ಗೋಡೆ ಕೊರೆಯುವ 6 ಎಂಎಂ ಮೇಸನ್ರಿ ಬಿಟ್ ತೆಗೆದುಕೊಂಡು, ಸ್ಕ್ರೂ ಹಿಡಿಯಲೆಂದು ತೂತಿಗೆ ತೂರಿಸುವ ಪ್ಲಗ್ಗಿನ ಉದ್ದಕ್ಕಿಂತ ತುಸು ಹೆಚ್ಚು ಅಳೆದು, ಬಿಟ್ಟಿನ ಮೇಲೆ ಆ ಜಾಗಕ್ಕೆ ಟೇಪು ಸುತ್ತಿದೆ. ಟೇಪು ಗೋಡೆ ಮುಟ್ಟಿದಾಗ ನಿಲ್ಲಿಸಬೇಕು. ತೂತಿನ ಪುಡಿಯನ್ನು ಚೆನ್ನಾಗಿ ತೆಗೆಯದಿದ್ದರೆ ಪ್ಲಗ್ ಪೂರ್ತಿ ಒಳಹೋಗುವುದಿಲ್ಲ, ಹೋದರೂ ಕಚ್ಚಿಕೊಳ್ಳುವುದಿಲ್ಲ. ಮೊದಲ ಸ್ಕ್ರೂ ಅರ್ಧ ಬಿಗಿಸಿ, ಸ್ಪಿರಿಟ್ ಲೆವೆಲ್ ಇಟ್ಟು ನೋಡಿ, ಆಮೇಲೆ ಎರಡನೆಯ ತೂತಿನ ಗುರುತು ಹಾಕಿದರೆ ಹಲಗೆ ಓರೆಯಾಗುವುದಿಲ್ಲ. ಕೊಕ್ಕೆ ಐದೇ ಇರಲಿ ಎಂದು ಬೇಕೆಂದೇ ಇಟ್ಟೆ. ಆರನೆಯ ಬಟ್ಟೆ ಬಂದರೆ ಒಂದು ಒಗೆಯುವ ಬುಟ್ಟಿಗೆ ಹೋಗಲೇಬೇಕು. ಕುರ್ಚಿಯನ್ನು ಹಜಾರಕ್ಕೆ ಕಳಿಸಿದೆ.

ಮಂಚ ಮತ್ತು ಬೀರು

ಭಾರದ ಸಾಮಾನನ್ನು ಎಳೆದಾಡುವ ಬದಲು ಗ್ರಾಫ್ ಹಾಳೆಯ ಮೇಲೆ 1:20 ಅಳತೆಯಲ್ಲಿ ಕೋಣೆ ಬರೆದೆ. 10 ಅಡಿಯ ಗೋಡೆ ಹಾಳೆಯಲ್ಲಿ ಸುಮಾರು 15 ಸೆಂಟಿಮೀಟರ್, 12 ಅಡಿಯದು ಸುಮಾರು 18. ಮಂಚ, ಬೀರು, ಮೇಜಿನ ಆಕಾರಗಳನ್ನು ರಟ್ಟಿನಲ್ಲಿ ಕತ್ತರಿಸಿ ಅದರ ಮೇಲೆ ಜರುಗಿಸಿ ನೋಡಬಹುದು. ಬಾಗಿಲು ತೆರೆಯುವ ಕಮಾನನ್ನೂ ಬೀರುವಿನ ಬಾಗಿಲಿನ ಕಮಾನನ್ನೂ ಹಾಳೆಯ ಮೇಲೆ ಎಳೆಯುವುದು ಮರೆಯಬಾರದು.

ನಾನು ಬಯಸಿದ್ದು ಹೀಗೆ: ಮಲಗಿದಾಗ ಬಾಗಿಲು ಕಾಣಬೇಕು, ಆದರೆ ಬಾಗಿಲು ತೆರೆದ ಕೂಡಲೇ ಬೆಳಕು ನೇರ ಮುಖಕ್ಕೆ ಬೀಳಬಾರದು. ಮಂಚದ ಎರಡೂ ಬದಿಗೆ ಇಳಿದು ನಡೆಯಲು ಜಾಗ ಬೇಕು, 60 ಸೆಂಟಿಮೀಟರ್ ಸಿಕ್ಕರೆ ಆರಾಮ. ಮತ್ತೆ ಮೇಜು ಕಾಲ ಕಡೆಗೆ ಬರದೆ ತಲೆಯ ಹಿಂದಿನ ಮೂಲೆಗೆ ಹೋಗಬೇಕು. ಈ ಕೊನೆಯದಕ್ಕಾಗಿ ಮಂಚವನ್ನು ಉದ್ದ ಗೋಡೆಯಿಂದ ಗಿಡ್ಡ ಗೋಡೆಗೆ ತಿರುಗಿಸಬೇಕಾಯಿತು. ಈಗ ಮಲಗಿದವರಿಗೆ ಮೇಜು ಕಾಣುವುದಿಲ್ಲ, ಎದುರಿಗಿರುವುದು ಬರಿಯ ಗೋಡೆ. ಅಲ್ಲಿ ಚಿತ್ರ ಹಾಕು ಎಂದು ಮನೆಯವರು ಹೇಳಿದರು. ಸದ್ಯಕ್ಕೆ ಬರಿಯದಾಗಿಯೇ ಇರಲಿ ಎಂದಿದ್ದೇನೆ. ಕಣ್ಣಿಗೆ ಓದಲು ಏನೂ ಇಲ್ಲದ ಒಂದು ಗೋಡೆ ಇರುವುದು ಎಷ್ಟು ಹಿತ ಎಂದು ಅನುಭವಿಸಿದ ಮೇಲೆ ಅದನ್ನು ಬಿಟ್ಟುಕೊಡಲು ಮನಸ್ಸಾಗುತ್ತಿಲ್ಲ.

ಬೀರು ಜರುಗಿಸಿದ ಮೇಲೆ ಅದರ ಮೇಲ್ತುದಿಯನ್ನು ಎರಡು ಎಲ್ ಬ್ರಾಕೆಟ್ ಹಾಕಿ ಗೋಡೆಗೆ ಬಿಗಿದೆ. ಎತ್ತರದ ಬೀರು ಖಾನೆಗಳನ್ನೆಲ್ಲ ಹೊರಗೆಳೆದಾಗ ಮುಂದಕ್ಕೆ ವಾಲುತ್ತದೆ, ಮಕ್ಕಳು ಹತ್ತಿದರೆ ಮೈಮೇಲೇ ಬರುತ್ತದೆ. ಮಲಗುವ ಕೋಣೆಯಲ್ಲಿ ಈ ಕೆಲಸ ಬಿಡಬಾರದು. ಹೊರಗೋಡೆಗೆ ಬೆನ್ನು ಹಾಕಿದ ಬೀರುವಾದರೆ ಹಿಂದೆ 5 ಸೆಂಟಿಮೀಟರ್ ಗಾಳಿಯಾಡಲು ಬಿಡಬೇಕು. ಇಲ್ಲವಾದರೆ ತೇವ ಕಟ್ಟಿ ಬೂಷ್ಟು ಹಿಡಿಯುತ್ತದೆ, ಬಟ್ಟೆಗೆ ಮುಗ್ಗಲು ವಾಸನೆ ಬರುತ್ತದೆ.

ಸದ್ದು ಹುಡುಕಿದ್ದು

ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟ ಭಾಗ ಇದು. ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ಮಲಗುವ ಕೋಣೆಯೊಳಗೆ ಸತತ ಸದ್ದು 30 ಡೆಸಿಬಲ್ ಮೀರಬಾರದು, ಬಿಡಿ ಸದ್ದು 45 ಮೀರಬಾರದು ಎನ್ನುತ್ತದೆ. ರಸ್ತೆಯ ಸದ್ದಿಗೆ ನಾವು ಮಾಡುವುದು ಕಡಿಮೆ. ಆದರೆ ಕೋಣೆಯೇ ಹುಟ್ಟಿಸುವ ಸದ್ದು ಪೂರ್ತಿ ನಮ್ಮ ಕೈಯಲ್ಲಿದೆ. ಸಮನಾಗಿ ಹರಿಯುವ ಫ್ಯಾನಿನ ಗಾಳಿ ಸದ್ದಿಗೆ ಕಿವಿ ಒಗ್ಗುತ್ತದೆ. ಬಂದು ಹೋಗುವ ಟಕ್ ಸದ್ದಿಗೆ ಒಗ್ಗುವುದಿಲ್ಲ, ಮುಂದಿನದಕ್ಕಾಗಿ ಕಾಯುತ್ತ ಕೂರುತ್ತದೆ.

ಮಂಚದ ಕಿರುಗುಟ್ಟುವಿಕೆಗೆ ಮೊದಲು ಹಾಸಿಗೆ ಇಳಿಸಿದೆ. ಸದ್ದು ಹಾಸಿಗೆಯದೋ ಮಂಚದ್ದೋ ಎಂದು ಅಲ್ಲೇ ತಿಳಿಯುತ್ತದೆ. ಆಮೇಲೆ ಒಂದೊಂದು ಮೂಲೆಯನ್ನೂ ಕೈಯಿಂದ ಒತ್ತಿ, ಅಲುಗಿಸಿ, ಇನ್ನೊಬ್ಬರನ್ನು ಕಿವಿಗೊಟ್ಟು ಕೂರಿಸಿದರೆ ಜಾಗ ಪತ್ತೆಯಾಗುತ್ತದೆ. ನಮ್ಮಲ್ಲಿ ಸಿಕ್ಕಿದ್ದು ಎರಡು ಕಡೆ: ಕಾಲ ಕಡೆಯ ಬಲ ಮೂಲೆಯಲ್ಲಿ ಉದ್ದಪಟ್ಟಿ ಕಾಲಿಗೆ ಸೇರುವ ಜಾಗ, ಮತ್ತು ಅಡ್ಡಹಲಗೆಗಳು ಕೂರುವ ಅಂಚು. ಮರ ತೇವಕ್ಕೆ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ವರ್ಷಗಟ್ಟಲೆ ಹೀಗಾದಾಗ ಬೋಲ್ಟು ಸಡಿಲವಾಗುತ್ತದೆ, ಮರಕ್ಕೆ ಮರ ಉಜ್ಜುತ್ತದೆ. ಬೋಲ್ಟುಗಳನ್ನು ಅಲೆನ್ ಕೀಯಿಂದ ಒಂದೇ ಸಲಕ್ಕೆ ಪೂರ್ತಿ ತಿರುಗಿಸದೆ, ಎದುರುಬದುರು ಮೂಲೆಗಳಿಗೆ ಸ್ವಲ್ಪ ಸ್ವಲ್ಪವೇ ಬಿಗಿಸುತ್ತ ಬಂದೆ. ಬೋಲ್ಟಿನ ತಲೆಯ ಕೆಳಗೆ ಅಗಲ ವಾಷರ್ ಹಾಕಿದೆ. ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನ ಮಂಚವಾಗಿದ್ದರೆ ಇಲ್ಲಿ ಕೈ ಹಗುರ ಇರಬೇಕು, ಅತಿಯಾಗಿ ಬಿಗಿಸಿದರೆ ಬೋಲ್ಟು ಕಚ್ಚುವ ಒಳಗಿನ ತಿರುಪು ಕಿತ್ತುಬರುತ್ತದೆ. ಅಡ್ಡಹಲಗೆ ಕೂರುವ ಅಂಚಿನುದ್ದಕ್ಕೂ ಫೆಲ್ಟ್ ಪಟ್ಟಿ ಅಂಟಿಸಿದೆ. ಮರಕ್ಕೆ ಮರ ತಾಗುವ, ಫೆಲ್ಟ್ ಹಿಡಿಸದ ಸಂದಿಗಳಿಗೆ ಮೇಣದಬತ್ತಿಯನ್ನು ಉಜ್ಜಿದೆ. ಎಣ್ಣೆ ಹಾಕಬೇಡಿ, ಮರ ಅದನ್ನು ಕುಡಿಯುತ್ತದೆ, ಧೂಳು ಹಿಡಿಯುತ್ತದೆ, ಹಾಸಿಗೆಗೂ ಕಲೆಯಾಗುತ್ತದೆ. ಕೊನೆಗೆ ನಾಲ್ಕೂ ಕಾಲು ನೆಲಕ್ಕೆ ಕೂತಿವೆಯೇ ಎಂದು ನೋಡಿದೆ. ಒಂದು ಕಾಲು ಕಾಗದ ತೂರುವಷ್ಟು ಎತ್ತರದಲ್ಲಿತ್ತು, ಅದರಡಿಗೆ ತೆಳ್ಳನೆಯ ರಬ್ಬರ್ ತುಂಡು ಹೋಯಿತು.

ಫ್ಯಾನು ಮುಟ್ಟುವ ಮೊದಲು ಆ ಲೈನಿನ ಕರೆಂಟನ್ನೇ ಕಡಿಯುವ ಎಂಸಿಬಿ ಇಳಿಸಬೇಕು, ಬರೀ ಸ್ವಿಚ್ ಆರಿಸಿದರೆ ಸಾಲದು. ರೆಕ್ಕೆಗಳ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದೆ, ಒಂದರ ಮೇಲೆ ಹೆಚ್ಚು ಕೂತ ಧೂಳೂ ತೂಕ ತಪ್ಪಿಸುತ್ತದೆ. ರೆಕ್ಕೆಯ ಸ್ಕ್ರೂಗಳನ್ನು ಬಿಗಿಸಿದೆ. ಒಂದು ಕೋಲನ್ನು ಸೀಲಿಂಗಿಗೆ ಒತ್ತಿ ಹಿಡಿದು, ಪ್ರತಿ ರೆಕ್ಕೆಯ ತುದಿಯನ್ನೂ ಕೈಯಿಂದ ತಿರುಗಿಸಿ ಆ ಕೋಲಿನ ಬಳಿ ತಂದು ಗುರುತು ಹಾಕಿದರೆ ಯಾವ ರೆಕ್ಕೆ ಬಾಗಿದೆ ಎಂದು ಕಾಣುತ್ತದೆ. ನಮ್ಮದರಲ್ಲಿ ಮೂರೂ ಸಮನಾಗಿದ್ದವು. ಟಕ್ ಸದ್ದು ಬರುತ್ತಿದ್ದದ್ದು ಸೀಲಿಂಗಿನ ಬಳಿ ಫ್ಯಾನಿನ ಕೊಕ್ಕೆ ಮುಚ್ಚುವ ಬಟ್ಟಲಿನಂಥ ಕಪ್‌ನಿಂದ. ಅದು ಜಾರಿ ಫ್ಯಾನಿನ ಕಡ್ಡಿಗೆ ತಾಗುತ್ತಿತ್ತು. ಮೇಲೇರಿಸಿ, ನಡುವಿಗೆ ತಂದು, ಸ್ಕ್ರೂ ಬಿಗಿಸಿದ್ದಷ್ಟೇ. ಮೇಲೆ ಹತ್ತಿದಾಗಲೇ ಕೊಕ್ಕೆಯ ಬೋಲ್ಟು ಮತ್ತು ಅದರ ಪಿನ್ನು ಗಟ್ಟಿಯಿವೆಯೇ ಎಂದು ನೋಡಿಕೊಂಡೆ.

ಬಾಗಿಲಿನ ಕೀಲಿನ ಪಿನ್ನನ್ನು ಒಂದೊಂದಾಗಿ ಮೇಲೆತ್ತಿ, ಕರಿ ಒರೆಸಿ, ಪೆಟ್ರೋಲಿಯಂ ಜೆಲ್ಲಿ ಸವರಿ ಮತ್ತೆ ಇಳಿಸಿದೆ. ಬಾಗಿಲ ಅಡಿಗೆ ಬ್ರಷ್ ಪಟ್ಟಿ ಅಂಟಿಸಿದೆ, ಬೆಳಕಿನ ಗೆರೆಯೂ ಹೋಯಿತು, ಹಜಾರದ ಮಾತೂ ತಗ್ಗಿತು.

ಬೆಳಕು

ಬೆಳಕಿನ ವಿಷಯದಲ್ಲಿ ‘ಕತ್ತಲಾದರೆ ಸಾಕು’ ಎನ್ನುವ ಮಟ್ಟದಲ್ಲಿ ನಿಲ್ಲುವುದು ಸರಿಯಲ್ಲ. ನೋಟಕ್ಕೆ ಬೇಕಾದ ಕೋಶಗಳಲ್ಲದೆ, ಹೊತ್ತು ತಿಳಿಯಲಿಕ್ಕೆಂದೇ ಬೆಳಕು ಹಿಡಿಯುವ ಬೇರೊಂದು ಬಗೆಯ ಕೋಶಗಳು ನಮ್ಮ ಕಣ್ಣಿನ ಹಿಂಪದರವಾದ ರೆಟಿನಾದಲ್ಲಿವೆ. ಅವು ತಾವಾಗಿಯೇ ಬೆಳಕಿಗೆ ಸ್ಪಂದಿಸುತ್ತವೆ ಎಂದು 2002ರಲ್ಲಿ ಸಾಬೀತಾಯಿತು. ಅವುಗಳೊಳಗಿನ ಮೆಲನೋಪ್ಸಿನ್ ಎಂಬ ಬೆಳಕು ಹಿಡಿಯುವ ವಸ್ತು ಸುಮಾರು 480 ನ್ಯಾನೋಮೀಟರಿನ ನೀಲಿ ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುತ್ತದೆ. ಅಂಥ ಬೆಳಕು ಬಿದ್ದರೆ, ಮೈಯನ್ನು ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಎಂಬ ಹಾರ್ಮೋನು ಏರುವುದು ತಡವಾಗುತ್ತದೆ. ಈ ಕೋಶಗಳ ಲೆಕ್ಕದಲ್ಲಿ ಕಣ್ಣಿನ ಮಟ್ಟದಲ್ಲಿ ಅಳೆದ ಬೆಳಕು ಮಲಗುವ ಮುಂಚಿನ ಮೂರು ಗಂಟೆ 10 ಲಕ್ಸ್ (ಬೀಳುವ ಬೆಳಕಿನ ಅಳತೆ) ಮೀರದಿರಲಿ, ನಿದ್ದೆಯಲ್ಲಿ 1 ಲಕ್ಸ್ ಮೀರದಿರಲಿ ಎಂದು ಹಲವು ದೇಶಗಳ ಸಂಶೋಧಕರು ಕೂಡಿ 2022ರಲ್ಲಿ ಸಲಹೆ ಕೊಟ್ಟರು.

ನನ್ನ ಕೋಣೆಯಲ್ಲಿದ್ದದ್ದು ಸೀಲಿಂಗಿನಲ್ಲಿ 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಬೆಳ್ಳನೆಯ ಟ್ಯೂಬ್. ಅದನ್ನು ತೆಗೆಯಲಿಲ್ಲ, ಗುಡಿಸುವಾಗ, ಬಟ್ಟೆ ಹುಡುಕುವಾಗ ಬೇಕು. ಸಂಜೆಯ ಮೇಲೆ ಉರಿಯುವುದು ಮಂಚದ ಪಕ್ಕದ 2700 ಕೆಲ್ವಿನ್‌ನ ಹಳದಿ ಛಾಯೆಯ ಬಲ್ಬು ಮಾತ್ರ. ಷೇಡಿನ ಕೆಳ ಅಂಚು ಮಲಗಿದವರ ಕಣ್ಣಿಗಿಂತ ಕೆಳಗಿರುವಂತೆ ಎತ್ತರ ಹೊಂದಿಸಿದೆ, ಬಲ್ಬು ನೇರ ಕಾಣುವುದಿಲ್ಲ. ಸ್ವಿಚ್ಚು ಮಲಗಿದಲ್ಲೇ ಕೈಗೆ ಸಿಗಬೇಕು. ಸಿಗದಿದ್ದರೆ ಟ್ಯೂಬೇ ಗೆಲ್ಲುತ್ತದೆ.

ಕರ್ಟನ್ನಿನ ಬಟ್ಟೆ ದಪ್ಪವೇ ಇತ್ತು, ಬೆಳಕು ಬರುತ್ತಿದ್ದದ್ದು ಸುತ್ತಲಿಂದ. ರಾಡನ್ನು ಕಿಟಕಿಯ ಚೌಕಟ್ಟಿನಿಂದ ಎರಡೂ ಬದಿಗೆ 15 ಸೆಂಟಿಮೀಟರ್ ಹೊರಗೆ ಬರುವಂತೆ, ಇನ್ನಷ್ಟು ಮೇಲಕ್ಕೆ ಹಾಕಿದೆ. ಬಟ್ಟೆಯ ಒಟ್ಟು ಅಗಲ ರಾಡಿನ ಎರಡರಷ್ಟು ಇದ್ದರೆ ನೆರಿಗೆ ತುಂಬಿ ನಿಲ್ಲುತ್ತದೆ. ಬದಿಯ ಅಂಚನ್ನು ಒಳಕ್ಕೆ ತಿರುಗಿಸಿ ಗೋಡೆಯ ಚಿಕ್ಕ ಕೊಕ್ಕೆಗೆ ಸಿಕ್ಕಿಸಿದೆ. ಸೀಲಿಂಗಿನ ಮೇಲಿನ ಬೆಳಕಿನ ಪಟ್ಟಿಗೆ ರಾಡಿನ ನೆತ್ತಿಯ ಮೇಲೆ ಒಂದು ಹಲಗೆ ಅಡ್ಡ ಹಾಕಿದ್ದೇ ಪರಿಹಾರ. ಉಳಿದ ಎಲ್‌ಇಡಿ ಚುಕ್ಕಿಗಳಿಗೆ ಕಪ್ಪು ಟೇಪು, ಗಾಳಿಯಾಡುವ ಕಿಂಡಿ ಮುಚ್ಚದಂತೆ.

ಮೇಜು, ವೈರು, ಫೋನು

ಮನೋವಿಜ್ಞಾನಿ ರಿಚರ್ಡ್ ಬೂಟ್‌ಜಿನ್ 1972ರಲ್ಲಿ ಮುಂದಿಟ್ಟ ಒಂದು ವಿಧಾನ ನಿದ್ರಾಹೀನತೆಯ ಚಿಕಿತ್ಸೆಯಲ್ಲಿ ಇಂದಿಗೂ ಬಳಕೆಯಲ್ಲಿದೆ: ಹಾಸಿಗೆಯನ್ನು ನಿದ್ದೆಗೆ ಮೀಸಲಿಡಿ, ಅಲ್ಲಿ ಕೆಲಸ ಬೇಡ, ನಿದ್ದೆ ಬಾರದಿದ್ದರೆ ಎದ್ದುಹೋಗಿ. ಮೇಜು ಅದೇ ಕೋಣೆಯಲ್ಲಿರುವ ನಮ್ಮಂಥವರಿಗೆ ಇದರ ಬೆಲೆ ಇನ್ನೂ ಹೆಚ್ಚು. ಮೇಜಿಗೆ ಒಂದು ಆಳದ ಟ್ರೇ ತಂದೆ. ಸಂಜೆ ಕೆಲಸ ಮುಗಿದ ಕೂಡಲೇ ಲ್ಯಾಪ್‌ಟಾಪು, ಕಾಗದ, ಪೆನ್ನು ಎಲ್ಲ ಟ್ರೇಗೆ, ಟ್ರೇ ಬೀರುವಿನ ಗೊತ್ತಾದ ಖಾನೆಗೆ. ಬೆಳಗ್ಗೆ ಟ್ರೇ ಹೊರಬಂದರೆ ಮೇಜು ಮೊದಲಿನಂತೆಯೇ ಸಿದ್ಧ. ಎಕ್ಸ್‌ಟೆನ್ಷನ್ ಬಾಕ್ಸನ್ನು ಮೇಜಿನ ಹಲಗೆಯ ಅಡಿಗೆ ಸ್ಕ್ರೂ ಹಾಕಿ ಕೂರಿಸಿದೆ, ವೈರುಗಳನ್ನು ಕ್ಲಿಪ್ಪಿನಲ್ಲಿ ಮೇಜಿನ ಹಿಂಗಾಲಿಗೆ ಹಿಡಿಸಿದೆ. ಬಾಕ್ಸು ಚಾಪೆ, ಹಾಸಿಗೆ, ಬಟ್ಟೆಯ ಅಡಿಗೆ ಹೋಗಲೇಬಾರದು, ಬಿಸಿ ಹೊರಹೋಗದೆ ಬೆಂಕಿಗೆ ದಾರಿಯಾಗುತ್ತದೆ. ಫೋನಿನ ಚಾರ್ಜರ್ ಕೋಣೆಯ ಹೊರಗಿನ ಪಾಯಿಂಟಿಗೆ ಹೋಯಿತು, ಒಳಗೆ ಮುಳ್ಳಿನ ಅಲಾರಂ ಗಡಿಯಾರ ಬಂತು, ಮುಖ ಗೋಡೆಗೆ ತಿರುಗಿಸಿ.

ಫೋನಿದ್ದ ಜಾಗದಲ್ಲಿ ಈಗ ನೋಟ್‌ಬುಕ್ಕಿದೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಮೈಕಲ್ ಸ್ಕಲಿನ್ ಮತ್ತು ಸಂಗಡಿಗರು 57 ಜನ ಯುವಕ ಯುವತಿಯರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಲಗುವ ಮುಂಚೆ, ಮುಂದೆ ಮಾಡಬೇಕಾದ ಕೆಲಸಗಳನ್ನು 5 ನಿಮಿಷ ಬರೆದವರು, ಮಾಡಿ ಮುಗಿಸಿದ್ದನ್ನು ಬರೆದವರಿಗಿಂತ ಬೇಗ ನಿದ್ದೆ ಹೋದರು. ವಿವರವಾಗಿ ಬರೆದಷ್ಟೂ ಬೇಗ. ಕೋಣೆಯಿಂದ ಹೊರಹಾಕಿದ ಪ್ರಶ್ನೆಗಳು ತಲೆಯೊಳಗೆ ಉಳಿದಿರುತ್ತವಲ್ಲ, ಅವುಗಳಿಗೆ ಜಾಗ ಇದೇ.

ಬಾಕಿ ಇರುವುದು

ಕಿಟಕಿಯ ಎಡ ರೆಕ್ಕೆ ಗಾಳಿ ಜೋರಾದಾಗ ಇನ್ನೂ ಕಟಗುಟ್ಟುತ್ತದೆ. ಚೌಕಟ್ಟಿನ ಒಳ ಅಂಚಿಗೆ ರಬ್ಬರ್ ಬೀಡಿಂಗ್ ಹಾಕಬೇಕು. ಆದರೆ ಅದಕ್ಕೂ ಮೊದಲು ಅಲ್ಲಿನ ಹಳೆಯ ಬಣ್ಣದ ಪದರ ಕೆರೆಯಬೇಕು, ಇಲ್ಲವಾದರೆ ರೆಕ್ಕೆ ಮುಚ್ಚಿ ಚಿಲಕ ಕೂರುವುದಿಲ್ಲ. ಬಹಳ ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಒಣಗಿದ್ದನ್ನು ಉಜ್ಜುವುದಿಲ್ಲ. ನೀರು ಸಿಂಪಡಿಸಿ ಒದ್ದೆಯಾಗಿಯೇ ಕೆರೆದು, ಮಾಸ್ಕ್ ಹಾಕಿಕೊಂಡು, ಉದುರಿದ್ದನ್ನು ಹಾಳೆಯ ಮೇಲೆ ಹಿಡಿದು ಕಟ್ಟಿ ಬಿಸಾಡುವುದು ಎಂದು ಗೊತ್ತುಮಾಡಿದ್ದೇನೆ. ಆ ಹೊತ್ತಿಗೆ ಹಾಸಿಗೆ, ದಿಂಬು, ಕರ್ಟನ್ ಮೂರೂ ಕೋಣೆಯಿಂದ ಹೊರಗಿರಬೇಕು.